ಚಿಕ್ಕ ಹಡಗು, ಕಲ್ಲಿನ ಊರುಗಳು

ಹಡಗು ಪ್ರವಾಸ ಎಂದೊಡನೆ ಕಣ್ಣ ಮುಂದೆ ಬರುವುದು ಹದಿನೈದು ಅಂತಸ್ತಿನ ತೇಲುವ ಹೋಟೆಲು. ಒಳಗೇ ಈಜುಕೊಳ, ಸಿನಿಮಾ, ಅಂಗಡಿ ಬೀದಿ; ಹತ್ತಿದವರಿಗೆ ಸಮುದ್ರದ ನೆನಪೇ ಆಗಬಾರದು ಎಂಬಂತೆ. ನಾವಿಬ್ಬರು 2024ರ ಸೆಪ್ಟೆಂಬರಿನಲ್ಲಿ ಹತ್ತಿದ್ದು ಅಂಥದ್ದನ್ನಲ್ಲ. ಹದಿನೆಂಟು ಕೋಣೆ, ಮೂವತ್ನಾಲ್ಕು ಜನ, ಒಬ್ಬ ಕ್ಯಾಪ್ಟನ್, ಒಬ್ಬ ಅಡುಗೆಯವ, ಮತ್ತೆ ಐದಾರು ಹುಡುಗರು. ಕ್ರೊಯೇಷಿಯಾ ದೇಶದ ಡಾಲ್ಮೇಷಿಯ ಕರಾವಳಿಯಲ್ಲಿ ಸ್ಪ್ಲಿಟ್ ಎಂಬ ಊರಿನಿಂದ ಡುಬ್ರೊವ್ನಿಕ್‌ವರೆಗೆ ಏಳು ದಿನ. ಅದಕ್ಕೆ ಮೊದಲು ನೆಲದ ಮೇಲೆ ನಾಲ್ಕು ದಿನ, ಕೊನೆಗೆ ಮತ್ತೆ ಎರಡು ದಿನ. ಹೋದ ಸಲ ಇದರ ಬಗ್ಗೆ ಎರಡು ಸಾಲು ಬರೆದದ್ದಕ್ಕೆ "ಪೂರ್ತಿ ಹೇಳಿ, ಊಟಕ್ಕೆ ಏನು ಮಾಡಿದಿರಿ, ಮೊಣಕಾಲು ನೋವಿನವರು ಹೋಗಬಹುದೇ" ಎಂದು ಕೇಳಿದವರು ಬಹಳ. ಹೇಳುತ್ತೇನೆ.

ಮಗಳು ಮ್ಯೂನಿಕ್‌ನಲ್ಲಿ ಇರುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಟಿಕೆಟ್ ಅವಳದ್ದೇ ಉಡುಗೊರೆ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಒಕ್ಕೂಟಕ್ಕೆ ಸೇರಿ, ಅದೇ ದಿನ ಯೂರೊ ನಾಣ್ಯವನ್ನೂ ತಂದುಕೊಂಡಿತು. ಹಾಗಾಗಿ ಜರ್ಮನಿಗೆಂದು ಪಡೆದ ವೀಸಾವೇ ಸಾಕಾಯಿತು, ಹಣ ಬದಲಿಸುವ ತಾಪತ್ರಯವೂ ಇಲ್ಲ. ಮ್ಯೂನಿಕ್‌ನಿಂದ ರೈಲಿನಲ್ಲಿ ಝಾಗ್ರೆಬ್, ಅಲ್ಲಿಂದ ಬಸ್ಸಿನಲ್ಲಿ ಪ್ಲಿಟ್ವಿತ್ಸೆ ಸರೋವರಗಳು. ಹದಿನಾರು ಕೆರೆಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು. ನೀರಿನಲ್ಲಿರುವ ಸುಣ್ಣ ಪಾಚಿಯ ಮೇಲೆ ಕೂತು ಕೂತು ಕಲ್ಲಾಗಿ ತಾನೇ ಅಣೆಕಟ್ಟು ಕಟ್ಟಿಕೊಳ್ಳುತ್ತದೆ. ಆ ಅಣೆಕಟ್ಟು ಈಗಲೂ ಬೆಳೆಯುತ್ತಿದೆಯಂತೆ. ಅದಕ್ಕೇ ಕೆರೆಗೆ ಇಳಿಯುವ ಹಾಗಿಲ್ಲ, ಮರದ ಹಲಗೆಯ ಕಾಲುದಾರಿಯಲ್ಲೇ ನಡೆಯಬೇಕು. ಚೆಂದವೇನೋ ಹೌದು. ಆದರೆ ಸೌಪರ್ಣಿಕೆಯ ಬದಿಯಲ್ಲಿ ಬೆಳೆದವಳಿಗೆ ನೀರಿಗೆ ಕಾಲು ಇಳಿಬಿಡದೆ ಬರುವುದು ಕಷ್ಟ.

ಸ್ಪ್ಲಿಟ್‌ನಲ್ಲಿ ಒಂದು ಅರಮನೆ ಇದೆ. ಅರಮನೆ ಅಂದರೆ ಟಿಕೆಟ್ ಕೊಟ್ಟು ಒಳಗೆ ಹೋಗಿ, ಹಗ್ಗದ ಈಚೆ ನಿಂತು ಸಿಂಹಾಸನ ನೋಡುವಂಥದ್ದಲ್ಲ. ಅದೇ ಊರು. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಇಪ್ಪತ್ತು ವರ್ಷ ಆಳಿ, ಕ್ರಿ.ಶ. 305ರಲ್ಲಿ ತಾನಾಗಿಯೇ ಪದವಿ ಬಿಟ್ಟ. ರೋಮಿನ ಚಕ್ರವರ್ತಿಗಳು ಕುರ್ಚಿ ಬಿಡುತ್ತಿದ್ದದ್ದು ಸತ್ತಾಗ, ಹೆಚ್ಚಿನ ಸಲ ಯಾರಾದರೂ ಕೊಂದಾಗ. ಇವನು ನಿವೃತ್ತನಾಗಿ ತಾನು ಹುಟ್ಟಿದ ಸೀಮೆಗೇ ಮರಳಿ, ಕಡಲ ಅಂಚಿನಲ್ಲಿ ಕೋಟೆಯಂಥ ಮನೆ ಕಟ್ಟಿಸಿಕೊಂಡು ತೋಟ ಮಾಡಿದ. ಕೆಲವು ವರ್ಷಗಳ ನಂತರ ರಾಜ್ಯದಲ್ಲಿ ಗೊಂದಲವಾಗಿ, ಮತ್ತೆ ಬಂದು ಆಳು ಎಂದು ಕೇಳಿದರಂತೆ. ನಾನು ನೆಟ್ಟ ಕೋಸನ್ನು ನೀವು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟನೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ.

ಇದನ್ನು ನಮಗೆ ಊರು ತೋರಿಸಿದ ಹೆಣ್ಣುಮಗಳು ಹೇಳುವಾಗ ನಮ್ಮ ಮನೆಯವರು ಜೋರಾಗಿ ನಕ್ಕರು. ನನಗೆ ಆಶ್ಚರ್ಯ. ಬ್ಯಾಂಕಿನಿಂದ ನಿವೃತ್ತರಾಗಿ ಒಂದೂಕಾಲು ವರ್ಷ, ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಅಪಾರ್ಟ್‌ಮೆಂಟಿನಲ್ಲಿ, ಅದೇ ಮಹಡಿಯಲ್ಲಿ, ಎರಡು ಕೋಣೆಯ ಫ್ಲ್ಯಾಟು ಮಾರಾಟಕ್ಕಿತ್ತು. "ಅಪ್ಪ, ಕುಂದಾಪುರದ ಮನೆ ಮಾರಿ ಇಲ್ಲಿಗೇ ಬಂದುಬಿಡಿ. ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ ಏನು ಮಾಡುತ್ತೀರಿ? ರಾತ್ರಿ ಹೊತ್ತು ಏನಾದರೂ ಆದರೆ?" ಎಂದು ಅವನು ಹೇಳುತ್ತಲೇ ಇದ್ದ. ತಪ್ಪೇನಲ್ಲ, ಪ್ರೀತಿಯಿಂದಲೇ ಹೇಳಿದ್ದು. ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕೊಡಬೇಕು, ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಹೂಂ ಅಥವಾ ಉಹೂಂ ಹೇಳಿ ಎಂದಿದ್ದ. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ನಾನು ಬಾಯಿ ತೆಗೆದರೆ ಇವರು ಪೇಪರು ಎತ್ತಿಕೊಳ್ಳುವರು. ಇವರು ಶುರು ಮಾಡಿದರೆ ನನಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುವುದು. ಆ ಮಾತೂ ನಮ್ಮ ಸೂಟ್‌ಕೇಸಿನ ಜೊತೆ ಯುರೋಪಿಗೆ ಬಂದಿತ್ತು.

ಅರಮನೆಗೆ ಬರೋಣ. ಚಕ್ರವರ್ತಿ ತೀರಿಕೊಂಡು ಮುನ್ನೂರು ವರ್ಷವಾದ ಮೇಲೆ, ಏಳನೆಯ ಶತಮಾನದಲ್ಲಿ, ಹತ್ತಿರದ ಸಲೋನಾ ಪಟ್ಟಣದ ಮೇಲೆ ದಾಳಿಯಾಗಿ ಜನ ಓಡಿಬಂದು ಈ ಗೋಡೆಗಳ ಒಳಗೆ ಸೇರಿಕೊಂಡರು. ಅಂದಿನಿಂದ ಅಲ್ಲಿ ಜನ ಇದ್ದೇ ಇದ್ದಾರೆ. ರೋಮನ್ ಕಂಬಗಳ ನಡುವೆ ಇಟ್ಟಿಗೆ ತುಂಬಿಸಿ ಮನೆ ಮಾಡಿಕೊಂಡಿದ್ದಾರೆ, ಕಮಾನಿನ ಮೇಲೆ ಕಿಟಕಿ, ಕಿಟಕಿಗೆ ಒಗೆದ ಬಟ್ಟೆ. ನೆಲಮಾಳಿಗೆಗಳಿಗೆ ಶತಮಾನಗಟ್ಟಲೆ ಮೇಲಿನ ಮನೆಯವರು ಕಸ ಸುರಿದು ತುಂಬಿಸಿಬಿಟ್ಟಿದ್ದರು. ಅದರಿಂದಲೇ ಅವು ಹಾಳಾಗದೆ ಉಳಿದವು. ಕಸ ತೆಗೆದು ನೋಡಿದಾಗ, ಮೇಲೆ ಅಳಿದುಹೋದ ಅರಮನೆಯ ಕೋಣೆಗಳು ಹೇಗಿದ್ದವೆಂದು ಕೆಳಗಿನ ಗೋಡೆಗಳಿಂದ ಗೊತ್ತಾಯಿತು. ಇನ್ನೊಂದು ತಮಾಷೆ: ಡಯೊಕ್ಲೀಷಿಯನ್ ಕ್ರೈಸ್ತರನ್ನು ಬಹಳ ಹಿಂಸಿಸಿದವನು, ಸಲೋನಾದ ಬಿಷಪ್ ಡೊಮ್ನಿಯಸ್‌ನ ತಲೆ ಹೋದದ್ದೂ ಅವನ ಕಾಲದಲ್ಲೇ. ಇಂದು ಚಕ್ರವರ್ತಿಯ ಸಮಾಧಿಮಂದಿರವೇ ಅದೇ ಡೊಮ್ನಿಯಸ್ ಸಂತನ ಹೆಸರಿನ ಚರ್ಚು. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲಿ ಹೋಯಿತೋ!

ಹಡಗು ಹತ್ತಿದೆವು. ಕ್ರೊಯೇಷಿಯಾಕ್ಕೆ ದ್ವೀಪ, ಕುದ್ರು, ಬಂಡೆ ಎಲ್ಲ ಸೇರಿ 1,200ಕ್ಕೂ ಹೆಚ್ಚು ಇವೆ. ಜನ ಇರುವುದು ಐವತ್ತರ ಆಸುಪಾಸಿನಲ್ಲಿ ಮಾತ್ರ. ದಂಡೆಯೂ ದ್ವೀಪಗಳೂ ಒಂದಕ್ಕೊಂದು ಸಮಾನಾಂತರವಾಗಿ ಉದ್ದಕ್ಕೆ ಮಲಗಿರುವುದರಿಂದ ನಡುವಿನ ಸಮುದ್ರ ಹೊಳೆಯಂತೆ ಶಾಂತ. ನಮ್ಮ ಅರಬ್ಬಿ ಸಮುದ್ರದ ಮೊರೆತ ಕೇಳಿ ಬೆಳೆದವರಿಗೆ ಇದು ಸಮುದ್ರ ಹೌದೋ ಅಲ್ಲವೋ ಎಂಬ ಅನುಮಾನ. ಉಬ್ಬರ ಇಳಿತವೂ ಗೇಣಿನ ಲೆಕ್ಕ. ಮರಳಿಲ್ಲ, ಬಿಳಿ ಸುಣ್ಣಕಲ್ಲು; ಅದಕ್ಕೇ ನೀರು ಕನ್ನಡಿ. ಕಲ್ಲಿನ ಸಂದಿಯಲ್ಲಿ ಮುಳ್ಳು ಚೆಂಡಿನಂಥ ಕಡಲಜೀವಿ ಇರುತ್ತದೆ, ತುಳಿದರೆ ಮುಳ್ಳು ಮುರಿದು ಅಂಗಾಲಿನಲ್ಲೇ ಕೂರುತ್ತದೆ. ಹೋಗುವವರು ರಬ್ಬರಿನ ಬೂಟು ಒಯ್ಯಿರಿ.

ಚಿಕ್ಕ ಹಡಗಿನ ಗುಣ ತಿಳಿಯುವುದು ಬಂದರಿನಲ್ಲಿ. ದ್ವೀಪದ ಬಂದರುಗಳು ಅಂಗೈಯಷ್ಟು. ಹತ್ತು ಹಡಗು ಬಂದರೆ ಜಾಗ ಮೂರಕ್ಕೆ. ಆಗ ಮೊದಲ ಹಡಗನ್ನು ದಂಡೆಗೆ ಕಟ್ಟಿ, ಎರಡನೆಯದನ್ನು ಅದರ ಮಗ್ಗುಲಿಗೆ, ಮೂರನೆಯದನ್ನು ಎರಡನೆಯದರ ಮಗ್ಗುಲಿಗೆ ಕಟ್ಟುತ್ತಾರೆ. ನೆಲಕ್ಕೆ ಇಳಿಯಬೇಕಾದರೆ ಬೇರೆಯವರ ಹಡಗಿನ ಅಂಗಳ ದಾಟಿ, ಅವರ ಊಟದ ಮೇಜಿನ ಬದಿಯಲ್ಲಿ "ಕ್ಷಮಿಸಿ" ಎನ್ನುತ್ತ ಹೋಗಬೇಕು. ಹಡಗಿನಲ್ಲಿದ್ದ ಕೆಲವರಿಗೆ ಇದು ಬಹಳ ವಿಚಿತ್ರವಾಗಿ ಕಂಡಿತು. ಇವರು ಮಾತ್ರ, "ಮಲ್ಪೆ ಬಂದರಿನ ಹಾಗೇ ಅಲ್ಲವಾ ಮಾರಾಯ್ತಿ!" ಎಂದು ಬೋಟಿನಿಂದ ಬೋಟಿಗೆ ದಾಟುವ ಮೀನುಗಾರರ ಗತ್ತಿನಲ್ಲಿ ದಾಟಿಯೇಬಿಟ್ಟರು. ನನ್ನ ಕೈಹಿಡಿದು ದಾಟಿಸಲು ಹಡಗಿನ ಹುಡುಗನೇ ಬರಬೇಕಾಯಿತು.

ಊಟದ ವಿಷಯ. ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಹಡಗಿನಲ್ಲಿ, ರಾತ್ರಿ ಊರಿನೊಳಗೆ ನಮ್ಮ ಖರ್ಚಿನಲ್ಲಿ. ನಾವು ಸಸ್ಯಾಹಾರಿಗಳೆಂದು ಮೊದಲೇ ಬರೆದು ತಿಳಿಸಿದ್ದೆವು. ಅಡುಗೆಯವ ಮೊದಲ ದಿನವೇ ಬ್ಲಿತ್ವ ಎಂಬ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಂದಿಟ್ಟ. ನಮ್ಮ ಹರಿವೆಯ ಕುಟುಂಬಕ್ಕೇ ಸೇರಿದ ಸೊಪ್ಪು ಅದು, ರುಚಿಯೂ ನೆಂಟಸ್ತಿಕೆ ಹೇಳುತ್ತದೆ. ಅದೇ ಸೊಪ್ಪನ್ನು ತೆಳ್ಳನೆಯ ಎರಡು ರೊಟ್ಟಿಗಳ ನಡುವೆ ಹರಡಿ, ಒಲೆಯ ಬಿಸಿ ಬೂದಿಯಡಿ ಸುಟ್ಟರೆ ಸೊಪಾರ್ನಿಕ್. ಹೋಗುವವರು ಇದನ್ನು ಕೇಳಿ ತಿನ್ನಿ. ನಾಲ್ಕನೆಯ ದಿನ ನನ್ನ ಚಟ್ನಿಪುಡಿಯ ಡಬ್ಬಿ ಹೊರಗೆ ಬಂತು. ಅಡುಗೆಯವ ಒಂದು ಚಮಚ ಬಾಯಿಗೆ ಹಾಕಿಕೊಂಡು ಎರಡು ಲೋಟ ನೀರು ಕುಡಿದ. ಮರುದಿನ ತಾನೇ ಬಂದು ಮತ್ತೆ ಕೇಳಿದ.

ಬ್ರಾಚ್ ದ್ವೀಪದ್ದು ಬಿಳಿ ಕಲ್ಲು, ಸ್ಪ್ಲಿಟ್ ಅರಮನೆಗೆ ಹೋದದ್ದು ಅದೇ ಕಲ್ಲು. ಅಲ್ಲಿ ಈಗಲೂ ಕಲ್ಲುಕುಟಿಗ ವಿದ್ಯೆ ಕಲಿಸುವ ಶಾಲೆಯಿದೆ. ವಿಸ್ ದ್ವೀಪ ಸೈನ್ಯದ ನೆಲೆಯಾಗಿದ್ದು 1989ರವರೆಗೂ ವಿದೇಶೀಯರಿಗೆ ಪ್ರವೇಶವೇ ಇರಲಿಲ್ಲ. ಹ್ವಾರ್ ದ್ವೀಪದಲ್ಲಿ ಎಲ್ಲರೂ ಲ್ಯಾವೆಂಡರ್ ಎಣ್ಣೆಗೆ ಮುಗಿಬೀಳುವಾಗ ಇವರು ನನ್ನನ್ನು ಕರೆದುಕೊಂಡು ಹೋದದ್ದು ಗದ್ದೆ ನೋಡಲು. ಸ್ಟಾರಿ ಗ್ರಾದ್ ಬಯಲು ಎಂದು ಹೆಸರು. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದಿಂದ ಬಂದ ಗ್ರೀಕರು ಅಳೆದು, ಸುಣ್ಣ ಗಾರೆ ಏನೂ ಇಲ್ಲದೆ ಬರೀ ಕಲ್ಲು ಪೇರಿಸಿ, ಪಾಲು ಮಾಡಿದ ಹೊಲಗಳು. ಇವತ್ತಿಗೂ ಅದೇ ಗಡಿ, ಅದೇ ದ್ರಾಕ್ಷಿ, ಅದೇ ಆಲಿವ್. ಇವರು ಗಡಿಕಲ್ಲಿನ ಮೇಲೆ ಕೂತು, "ಎರಡು ಸಾವಿರದ ನಾನ್ನೂರು ವರ್ಷದಿಂದ ಯಾರೂ ಮಾರಿ ಹೋಗಲಿಲ್ಲವಾ?" ಎಂದರು. ಮಾರಿರುತ್ತಾರೆ, ಹೋಗಿರುತ್ತಾರೆ, ಕೊಂಡವನು ಉತ್ತಿರುತ್ತಾನೆ ಎಂದೆ. ಮಾತು ಅಲ್ಲಿಗೇ ನಿಂತಿತು.

ಆ ಮಧ್ಯಾಹ್ನ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ, ಈಜುವವರು ಈಜಿ ಎಂದರು. ಇವರಿಗೆ ಅರವತ್ತೊಂದು. ಹುಡುಗನಾಗಿದ್ದಾಗ ಹೊಳೆ ಈಜಿದವರು, ಆಮೇಲೆ ನಲವತ್ತು ವರ್ಷ ನೀರಿಗಿಳಿದದ್ದು ನಾನು ಕಂಡಿಲ್ಲ. ಏಣಿ ಹಿಡಿದು ಇಳಿದರು, ಒಂದು ನಿಮಿಷ ಏಣಿ ಬಿಡಲಿಲ್ಲ, ಬಿಟ್ಟರು. ಏಡ್ರಿಯಾಟಿಕ್ ಸಮುದ್ರಕ್ಕೆ ಮಹಾಸಾಗರಗಳಿಗಿಂತ ಉಪ್ಪು ಸ್ವಲ್ಪ ಹೆಚ್ಚು, ಮೈ ಸುಲಭವಾಗಿ ತೇಲುತ್ತದೆ. ಅಂಗಾತ ಮಲಗಿ ಆಕಾಶ ನೋಡುತ್ತ ಇದ್ದುಬಿಟ್ಟರು. ಹಡಗಿನವರು ಗಂಟೆ ಬಾರಿಸಿದ ಮೇಲೂ ಬರಲಿಲ್ಲ. ನಾನು ಮೇಲಿನಿಂದ "ರೀ, ಹೊರಡುತ್ತಾರಂತೆ!" ಎಂದು ಕೂಗಿದೆ. ಕಿವಿ ನೀರಿನೊಳಗಿತ್ತು, ಕೇಳಲಿಲ್ಲ. ಕೇಳಿಸಿದ್ದರೂ ಬರುತ್ತಿರಲಿಲ್ಲವೇನೋ.

ಕೊರ್ಚುಲ ಎಂಬ ಊರಿನ ನಕ್ಷೆ ಮಕ್ಕಳಿಗೆ ಇಷ್ಟವಾಗಬಹುದು. ಮೀನಿನ ಮುಳ್ಳಿನ ಹಾಗೆ ನಡುವೆ ಒಂದು ದೊಡ್ಡ ಬೀದಿ, ಎರಡೂ ಕಡೆಗೆ ಓಣಿಗಳು. ಪಶ್ಚಿಮದ ಓಣಿಗಳು ನೇರ, ಪೂರ್ವದವು ಬಾಗಿದವು. ಯಾಕೆ ಗೊತ್ತೇ? ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಮಾಎಸ್ತ್ರಾಲ್ ಎಂಬ ತಂಪುಗಾಳಿ ಬೀಸುತ್ತದೆ, ಅದು ಊರೊಳಗೆ ನುಗ್ಗಲಿ ಎಂದು ಆ ಕಡೆ ನೇರ. ಚಳಿಗಾಲದಲ್ಲಿ ಈಶಾನ್ಯದ ಬೆಟ್ಟಗಳಿಂದ ಬೂರಾ ಎಂಬ ಕೊರೆಯುವ ಬಿರುಗಾಳಿ ಇಳಿಯುತ್ತದೆ, ಅದು ತಿರುವಿನಲ್ಲೇ ಸುಸ್ತಾಗಲಿ ಎಂದು ಈ ಕಡೆ ಬಾಗು. ಫ್ಯಾನು, ಹೀಟರು ಬರುವುದಕ್ಕೆ ಎಷ್ಟೋ ನೂರು ವರ್ಷ ಮೊದಲಿನ ಬುದ್ಧಿ. ಮಾರ್ಕೊ ಪೋಲೊ ಹುಟ್ಟಿದ್ದು ತಮ್ಮಲ್ಲಿ ಎಂದು ಈ ಊರಿನವರು ಮನೆಯನ್ನೂ ತೋರಿಸುತ್ತಾರೆ, ವೆನಿಸ್‌ನವರು ಒಪ್ಪುವುದಿಲ್ಲ. ನನಗೆ ಓಣಿಗಳ ಕಥೆಯೇ ಹೆಚ್ಚು ಹಿಡಿಸಿತು.

ಇನ್ನು ಮ್ಲ್ಯೆಟ್ ದ್ವೀಪ. ಕಾಡು, ಒಳಗೆ ಎರಡು ಉಪ್ಪುನೀರಿನ ಸರೋವರ, ಒಂದು ಸರೋವರದೊಳಗೆ ಪುಟ್ಟ ದ್ವೀಪ, ಅದರಲ್ಲೊಂದು ಹಳೆಯ ಮಠ. ಅಲ್ಲಿ ಕಾಡುದಾರಿಯಲ್ಲಿ ನಡೆಯುವಾಗ ಕಂದು ಬಣ್ಣದ್ದೇನೋ ಪೊದೆಯಿಂದ ಪೊದೆಗೆ ಸರಕ್ಕನೆ ದಾಟಿತು. "ಮುಂಗುಸಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಯುರೋಪಿನಲ್ಲಿ ಮುಂಗುಸಿಯೇ ಎಂದು ಕೇಳಿದರೆ, ಹೌದು, ನಿಮ್ಮ ದೇಶದ್ದೇ ಎಂದರು ಕಾವಲಿನವರು. ದ್ವೀಪದ ತುಂಬ ವಿಷದ ಹಾವು ಇದ್ದವಂತೆ. 1910ರಲ್ಲಿ ಭಾರತದ ಸಣ್ಣ ಜಾತಿಯ ಮುಂಗುಸಿಗಳನ್ನು ಕೆಲವೇ ಕೆಲವು ತಂದು ಬಿಟ್ಟರು. ನಮ್ಮ ಹಿತ್ತಲಿನ ಮುಂಗುಸಿಗಿಂತ ಚಿಕ್ಕವು. ಹಾವು ಕಡಿಮೆಯಾದವು. ಹಾವು ಕಡಿಮೆಯಾದ ಮೇಲೆ ಮುಂಗುಸಿಗಳು ಉಪವಾಸ ಕೂರುತ್ತವೆಯೇ? ಹಕ್ಕಿ, ಹಕ್ಕಿಯ ಮೊಟ್ಟೆ, ಊರಿನವರ ಕೋಳಿ ಎಲ್ಲದಕ್ಕೂ ಬಾಯಿ ಹಾಕಿದವು. ಈಗ ಅವು ಯುರೋಪ್ ಒಕ್ಕೂಟದ ಬೇಡವಾದ ಪ್ರಾಣಿಗಳ ಪಟ್ಟಿಯಲ್ಲಿವೆ. ಕರೆಸಿಕೊಂಡವರು ಅವರು, ಬೈಸಿಕೊಳ್ಳುವುದು ಇವು. (ಡಾಲ್ಮೇಷಿಯನ್ ಎಂಬ ಚುಕ್ಕೆ ನಾಯಿಗೆ ಹೆಸರು ಬಂದದ್ದು ಈ ಕರಾವಳಿಯಿಂದಲೇ. ಮೊಮ್ಮಗಳಿಗೆ ಫೋಟೊ ಕಳಿಸೋಣವೆಂದು ದಾರಿಯುದ್ದಕ್ಕೂ ಹುಡುಕಿದೆ. ಒಂದೂ ಸಿಗಲಿಲ್ಲ, ಮುಂಗುಸಿ ಸಿಕ್ಕಿತು.)

ಡುಬ್ರೊವ್ನಿಕ್‌ನಲ್ಲಿ ಹಡಗು ಬಿಟ್ಟೆವು. ಈ ಊರು ಶತಮಾನಗಳ ಕಾಲ ರಾಗುಸಾ ಎಂಬ ಹೆಸರಿನ ಪುಟ್ಟ ಗಣರಾಜ್ಯ. ಸೈನ್ಯಕ್ಕಿಂತ ವ್ಯಾಪಾರವನ್ನೂ ಜಾಣತನವನ್ನೂ ನಂಬಿ ಬದುಕಿದ್ದು. 1377ರಲ್ಲೇ, ಪ್ಲೇಗ್ ಇರುವ ಕಡೆಯಿಂದ ಬಂದವರು ಮೂವತ್ತು ದಿನ ಊರ ಹೊರಗೆ ಕಾದಿದ್ದು ಒಳಗೆ ಬರಬೇಕೆಂದು ಕಾನೂನು ಮಾಡಿದರು. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಕ್ವಾರಂಟೈನ್‌ನ ಮೂಲ ಅದು. ಮಾರನೆಯ ದಿನ ಬಸ್ಸಿನಲ್ಲಿ ಒಂದು ತಾಸು ದೂರದ ಸ್ಟೋನ್ ಎಂಬಲ್ಲಿಗೆ ಹೋದೆವು. ಬೆಟ್ಟ ಹತ್ತಿ ಇಳಿಯುವ ಐದೂವರೆ ಕಿಲೋಮೀಟರ್ ಕೋಟೆಗೋಡೆ, ಅದರ ಬುಡದಲ್ಲಿ ಉಪ್ಪಿನ ಆಗರ. ಆ ಗಣರಾಜ್ಯಕ್ಕೆ ಉಪ್ಪು ದೊಡ್ಡ ಆದಾಯ, ಅದಕ್ಕಷ್ಟು ಕಾವಲು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ನೋಡಿದ ಹಾಗೇ ಮಡಿ ಮಾಡಿ ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಆರಿಸಿ ಬಳಿಯುವುದು. ಕಾಲು ಕೆ.ಜಿ. ಕೊಂಡು ತಂದೆ. ಸಮುದ್ರದ ಊರಿನವಳು ಉಪ್ಪು ಹೊತ್ತು ತಂದಳೆಂದು ಪಕ್ಕದ ಮನೆಯವರು ಈಗಲೂ ನಗುತ್ತಾರೆ.

ಮೊಣಕಾಲಿನ ಪ್ರಶ್ನೆಗೆ ಉತ್ತರ ಡುಬ್ರೊವ್ನಿಕ್‌ನಲ್ಲಿದೆ. ಊರಿನ ಸುತ್ತ 1,940 ಮೀಟರ್ ಉದ್ದದ ಗೋಡೆ, ಅದರ ಮೇಲೆ ನಡೆಯಬಹುದು. ನಾವು ಹೋದಾಗ ತಲಾ 35 ಯೂರೊ. ಮೆಟ್ಟಿಲುಗಳು ಬಹಳ, ನೆರಳು ಕಡಿಮೆ. ನಾನು ಹತ್ತಲಿಲ್ಲ. ಇವರು ಹತ್ತಿದರು. ನಾನು 1438ರಲ್ಲಿ ಕಟ್ಟಿದ ಒನೊಫ್ರಿಯೊ ಕಾರಂಜಿಯ ಕಟ್ಟೆಯ ಮೇಲೆ ಕೂತೆ. ಹನ್ನೆರಡು ಕಿಲೋಮೀಟರ್ ದೂರದಿಂದ ಕಾಲುವೆಯಲ್ಲಿ ನೀರು ತಂದ ಜಾಗ ಅದು. ಇವತ್ತೂ ಜನ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಹಾಗಾಗಿ ಮೊಣಕಾಲು ನೋವಿನವರು ಧಾರಾಳವಾಗಿ ಹೋಗಿ. ಹಡಗಿನೊಳಗೆ ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ, ಕೆಳಗಿನ ಕೋಣೆ ಬೇಡವೆಂದು ಮೊದಲೇ ಹೇಳಿಡಿ. ಎಲ್ಲ ಕಡೆ ಹತ್ತಲೇಬೇಕೆಂದೇನೂ ಇಲ್ಲ.

ಎರಡು ಗಂಟೆ ಬಿಟ್ಟು ಇವರು ಇಳಿದು ಬಂದರು. ಹೆಂಚಿನ ಬಣ್ಣ ನೋಡಿದೆಯಾ ಎಂದರು. ನಾನು ಕೆಳಗಿದ್ದವಳು, ಎಲ್ಲಿಂದ ನೋಡಲಿ? ಕೆಲವು ಮಾಡು ಮಾಸಲು ಕಂದು, ಹೆಚ್ಚಿನವು ಹೊಸ ಕೆಂಪು. 1991ರ ಅಕ್ಟೋಬರಿನಲ್ಲಿ ಯುಗೊಸ್ಲಾವ್ ಸೈನ್ಯ ಊರನ್ನು ಮುತ್ತಿ ತಿಂಗಳುಗಟ್ಟಲೆ ಶೆಲ್ ಸುರಿಸಿದಾಗ ಹಳೆಯ ಊರಿನ ಮೂರರಲ್ಲಿ ಎರಡು ಪಾಲು ಕಟ್ಟಡಗಳಿಗೆ ಪೆಟ್ಟು ಬಿದ್ದಿತ್ತು. ಹೊಸ ಹೆಂಚು ಆಮೇಲೆ ಹೊದಿಸಿದ್ದು. ಎಲ್ಲೆಲ್ಲಿ ಶೆಲ್ ಬಿತ್ತೆಂದು ಗುರುತಿಸಿದ ನಕ್ಷೆ ಊರ ಬಾಗಿಲಿನಲ್ಲೇ ಇದೆ. ನೀರಿಲ್ಲ, ಕರೆಂಟಿಲ್ಲ, ಆದರೂ ಜನ ಊರು ಬಿಡದೆ ಉಳಿದರು.

ಆಗ ಗೋಡೆಯೊಳಗೆ ಇದ್ದವರು ಸುಮಾರು ಐದು ಸಾವಿರ. ಈಗ ಎರಡು ಸಾವಿರಕ್ಕಿಂತ ಕಡಿಮೆ. ಶೆಲ್ ಓಡಿಸಲಾಗದವರನ್ನು ನಮ್ಮಂಥವರು ಓಡಿಸಿದ್ದೇವೆ. ಮನೆಯನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಬರುವ ಹಣ ಯಾವ ಸಂಬಳಕ್ಕೂ ಸಮವಲ್ಲ. ಹಾಲಿನ ಅಂಗಡಿ ಇದ್ದಲ್ಲಿ ಆಯಸ್ಕಾಂತದ ಗೊಂಬೆ ಅಂಗಡಿ ಬರುತ್ತದೆ, ಆಮೇಲೆ ಉಳಿದವರೂ ಹಾಲಿಗೆ ಎಲ್ಲಿಗೆ ಹೋಗಬೇಕು? ನಗರಸಭೆ ಎಚ್ಚೆತ್ತು, ಒಮ್ಮೆಗೆ ಎರಡೇ ದೊಡ್ಡ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂದು ಮಿತಿ ಹಾಕಿದೆ. ಹಗಲಿನಲ್ಲಿ ಆ ಜನಸಂದಣಿಯಲ್ಲಿ ನಾನೂ ಉಸಿರುಗಟ್ಟಿ ನಿಂತಿದ್ದೆ. ಸಂಜೆ ಅವರೆಲ್ಲ ಹಡಗು ಸೇರಿದ ಮೇಲೆ ಊರು ಖಾಲಿ.

ರಾತ್ರಿ ಊಟ ಮುಗಿಸಿ ಒಂದು ಓಣಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಇವರು ಕತ್ತೆತ್ತಿ ಏನೋ ಎಣಿಸುತ್ತಿದ್ದರು. ಬ್ಯಾಂಕಿನವರಿಗೆ ಎಣಿಸುವುದು ಬಿಡುವುದಿಲ್ಲ. "ನಲವತ್ತೆರಡು ಕಿಟಕಿ. ದೀಪ ಇರುವುದು ಏಳರಲ್ಲಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಕೇರಿಯಲ್ಲಿ ಈಗ ಎಷ್ಟು ಮನೆಗೆ ದೀಪ ಹಚ್ಚುತ್ತಾರೆ?" ಎಂದು ಕೇಳಿದರು.

ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದೆವು. ಹದಿನಾಲ್ಕು ಮನೆ. ಐದಕ್ಕೆ ಬೀಗ. ಎರಡು ಮನೆಯಲ್ಲಿ ಒಬ್ಬೊಬ್ಬರೇ ಅಜ್ಜಿಯಂದಿರು; ಅವರ ಗ್ಯಾಸ್ ಬುಕ್ ಮಾಡುವುದು, ಪೆನ್ಶನ್ ತಂದುಕೊಡುವುದು ಇವರೇ. ನಮ್ಮದೂ ಮುಚ್ಚಿದರೆ ಆರು ಬೀಗ. ಅಲ್ಲೇ, ಆ ಮೆಟ್ಟಿಲ ಮೇಲೆ, ಒಂದೂಕಾಲು ವರ್ಷ ಮಾತಾಡದೆ ಉಳಿದದ್ದನ್ನು ಮಾತಾಡಿದೆವು. ನನಗೆ ಬೆಂಗಳೂರಿಗೆ ಹೋಗುವ ಆಸೆ ಇರಲಿಲ್ಲವೆಂದಲ್ಲ. ಮೊಮ್ಮಗಳು ಅಲ್ಲಿದ್ದಾಳೆ, ಒಳ್ಳೆಯ ಆಸ್ಪತ್ರೆ ಅಲ್ಲಿದೆ. ಇವರಿಗೂ ಹೆದರಿಕೆ ಇಲ್ಲದಿಲ್ಲ. ರಾತ್ರಿ ನನಗೆ ಉಸಿರು ಕಟ್ಟಿದ ದಿನ ರಿಕ್ಷಾ ಹುಡುಕಲು ಅರ್ಧ ಗಂಟೆ ಓಡಾಡಿದ್ದನ್ನು ಅವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಓಣಿಯ ಬೆಕ್ಕೊಂದು ನನ್ನ ಚಪ್ಪಲಿಯ ಮೇಲೆ ಮಲಗಿತ್ತು. ಅದು ಏಳುವವರೆಗೂ ಏಳಲಿಲ್ಲ.

ಮಳೆಗಾಲದ ನಾಲ್ಕು ತಿಂಗಳು ಬೆಂಗಳೂರು, ಮಗನ ಮನೆಯಲ್ಲೇ, ಅವನ ಹೆಚ್ಚಿನ ಕೋಣೆಯಲ್ಲಿ. ನವರಾತ್ರಿಗೆ ಊರಿಗೆ. ಮನೆ ಮಾರುವುದಿಲ್ಲ. ಫೋನಿನಲ್ಲಿ ಹೇಳಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮ, ನೀನೂ ಒಪ್ಪಿದೆಯಾ?" ಎಂದ. ಹೂಂ ಎಂದೆ. ಆ ಫ್ಲ್ಯಾಟಿಗೆ ಮಾರನೆಯ ವಾರವೇ ಬೇರೆ ಯಾರೋ ಅಡ್ವಾನ್ಸ್ ಕೊಟ್ಟರಂತೆ.